ಹಳೇ ಮಹೀಂದ್ರ ಎಂಎಂ 540 ಜೀಪ್ ತಗೊಂಡಿದ್ದೀನಿ, ಶನಿವಾರ ಭಾನುವಾರ ಮನೆ ಮುಂದೇನೇ ಏನೇನು ಕೆಲಸ ಮಾಡಿಕೊಳ್ಳಬಹುದು?

ನೀವು ಎರಡು ವಿಷಯ ಕೇಳಿದ್ದೀರಿ. ರಿಪೇರಿ ನಾವೇ ಮಾಡಿಕೊಳ್ಳಬಹುದಾ ಅನ್ನೋದು ಒಂದು. ಮೊದಲು 31 ಇಂಚಿನ ಟಯರು, ವಿಂಚು (ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ), ಮುಂದೆ ದಪ್ಪ ಕಬ್ಬಿಣದ ಬಂಪರು ಹಾಕಿಸಿಬಿಡಲಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಧಾರಾಳವಾಗಿ ಹೌದು. ಎರಡನೆಯದಕ್ಕೆ, ಸದ್ಯಕ್ಕೆ ಬೇಡ.

ನಾನು ಚಿಂತಾಮಣಿಯವನು. ನನ್ನ ಹತ್ತಿರ ಇರುವುದೂ ಅದೇ ಜೀಪು, 2112 ಸಿಸಿ ಪೂಜೋ ಡೀಸೆಲ್ ಎಂಜಿನ್‌ದು. ತಂದ ಹೊಸದರಲ್ಲಿ ನನಗೂ ನಿಮ್ಮ ಹಾಗೇ ಹುಚ್ಚು. ಹೊಸ ಸೀಟು, ಫಾಗ್ ಲೈಟು, ಹಸಿರು ಪೇಂಟು. ಒಂದು ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೊರಟೆ. ಘಾಟಿ ಅರ್ಧ ಹತ್ತುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೊನೆಗೆ ಹೋಗಿ ನಿಂತಿತು, ಬಾನೆಟ್ ಸಂದಿಯಿಂದ ಹಬೆ. ಹಿಂದಿನ ಕಾರಿನವರೆಲ್ಲ ಹಾರನ್ ಹೊಡೆದರು. ಹೆಂಡತಿ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಆಯಿತು.

ಮೆಕ್ಯಾನಿಕ್ ಒಬ್ಬರು ವಾಟರ್ ಪಂಪ್ ಹೋಗಿದೆ ಎಂದರು. ಬದಲಾಯಿಸಿದೆ. ಮತ್ತೆ ಅದೇ ಕಥೆ. ಕೊನೆಗೆ ರೇಡಿಯೇಟರನ್ನೇ ಬಿಚ್ಚಿ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದ ಅಜ್ಜ ಬೆಸುಗೆ ಕರಗಿಸಿ ಮೇಲಿನ ಟ್ಯಾಂಕ್ ಎತ್ತಿದರು. ಒಳಗೆ ನೋಡಿದರೆ ಥೇಟ್ ನಮ್ಮ ಬಚ್ಚಲು ಮನೆ ಹಂಡೆ! ಟ್ಯೂಬುಗಳ ಬಾಯಿ ಮೇಲೆಲ್ಲ ಬಿಳಿ ಸುಣ್ಣ ಕಲ್ಲಿನ ಹಾಗೆ ಕೂತಿತ್ತು, ಎಷ್ಟೋ ಟ್ಯೂಬು ಪೂರ್ತಿ ಮುಚ್ಚಿಹೋಗಿದ್ದವು. "ಬೋರ್ ನೀರು ಹಾಕ್ತಾ ಇದ್ರಾ ಸಾರ್?" ಅಂತ ಕೇಳಿದರು. ಹೌದು, ಅಂಗಳದ ನಲ್ಲಿಗೆ ಪೈಪ್ ಸಿಕ್ಕಿಸಿ ತುಂಬುತ್ತಿದ್ದೆ. ನಮ್ಮ ಕಡೆ ಸಾವಿರ ಅಡಿ ದಾಟಿದ ಬೋರುಗಳು ಬೇಕಾದಷ್ಟಿವೆ. ಆ ನೀರಲ್ಲಿ ಬೇಳೆಯೇ ಬೇಯುವುದಿಲ್ಲ, ಪಾಪ ರೇಡಿಯೇಟರ್ ಏನು ಮಾಡೀತು.

ಹಳೇ ಕಾಲದ ತಾಮ್ರ ಹಿತ್ತಾಳೆಯದ್ದು ಆದ್ದರಿಂದ ಬಚಾವಾದೆ. ಒಂದೊಂದು ಟ್ಯೂಬಿಗೂ ತೆಳ್ಳನೆಯ ಪಟ್ಟಿ ತೂರಿಸಿ ಕೆರೆದು ಮತ್ತೆ ಬೆಸೆದುಕೊಟ್ಟರು. ಆವತ್ತಿನಿಂದ ಕೂಲಂಟು, ಡಿಸ್ಟಿಲ್ಡ್ ವಾಟರು ಬಿಟ್ಟು ಬೇರೆ ಏನೂ ಹಾಕಿಲ್ಲ. ನಿಮ್ಮದನ್ನು ಹೀಗೆ ನೋಡಿ: ಚೆನ್ನಾಗಿ ಓಡಿಸಿ ಬಂದು ಎಂಜಿನ್ ಆಫ್ ಮಾಡಿ, ಫ್ಯಾನ್ ನಿಂತ ಮೇಲೆ ರೇಡಿಯೇಟರ್ ಹತ್ತಿರ ಅಂಗೈ ಆಡಿಸಿ. ಎಲ್ಲಾ ಕಡೆ ಕಾವು ಹೊಡೆದು ಎಲ್ಲೋ ಒಂದು ಕಡೆ ಮಾತ್ರ ತಣ್ಣಗಿದ್ದರೆ ಅಲ್ಲಿ ಕಟ್ಟಿಕೊಂಡಿದೆ ಅಂತ ಅರ್ಥ. ಬಿಸಿ ಇರುವಾಗ ಕ್ಯಾಪ್ ಮಾತ್ರ ತೆಗೆಯಬೇಡಿ.

ಆಮೇಲೆ ಬ್ರೇಕು. ನಾಲ್ಕೂ ಡ್ರಮ್ ಬಿಚ್ಚಿ, ಒಳಗೆ ಬ್ರೇಕ್ ಶೂ ತಳ್ಳುವ ವೀಲ್ ಸಿಲಿಂಡರ್ ರಬ್ಬರ್ ಸರಿಸಿ ನೋಡಿ, ಒದ್ದೆ ಇದ್ದರೆ ಸುಮ್ನೆ ಯೋಚನೆ ಮಾಡದೆ ಬದಲಾಯಿಸಿ. ಆಮೇಲೆ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವುದಕ್ಕೆ ಇನ್ನೊಬ್ಬರು ಬೇಕು. ನಮ್ಮನೆಯಲ್ಲಿ ಮಗ ಪೆಡಲ್ ಮೇಲೆ, ನಾನು ಗಾಡಿ ಕೆಳಗೆ, "ಒತ್ತು, ಹಿಡ್ಕೋ, ಬಿಡು" ಅಂತ ಒಂದು ಗಂಟೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಜಾಸ್ತಿ ದೂರ ಇರುವ ಚಕ್ರದಿಂದ ಶುರು ಮಾಡಿ.

ಸ್ಟೇರಿಂಗ್ ಅಲ್ಲಾಡುತ್ತೆ ಎಂದು ಬರೆದಿದ್ದೀರಲ್ಲ, ಅದಕ್ಕೆ ಒಂದು ಉಪಾಯ ಇದೆ. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ) ಇದ್ದರೆ, ಈಗ ಮನೆಯವರೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತುಹೋದರೆ ಸವೆದಿರುವುದು ವೀಲ್ ಬೇರಿಂಗ್. ಬ್ರೇಕ್ ಒತ್ತಿದರೂ ಅಲ್ಲಾಡಿದರೆ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲು. ನಾನು ಇದು ಗೊತ್ತಿಲ್ಲದೆ ಸುಮ್ನೆ ಎರಡು ಬೇರಿಂಗ್ ದಂಡ ಮಾಡಿಕೊಂಡೆ. ಅಂದ ಹಾಗೆ, ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ, ಹಾಲೋ ಬ್ರಿಕ್ಸ್ ಅಂತೂ ಇಡಲೇಬೇಡಿ, ಸಿಡಿದುಹೋಗುತ್ತವೆ. ಒಂದು ಜೊತೆ ಜಾಕ್ ಸ್ಟ್ಯಾಂಡ್ ತಗೊಳ್ಳಿ.

ಸ್ಪ್ಯಾನರ್ ವಿಷಯ ಯಾರೂ ಹೇಳುವುದಿಲ್ಲ. ಎಂಜಿನ್ ಫ್ರಾನ್ಸಿನ ಕಡೆಯದು, ಅದರ ನಟ್ಟು ಬೋಲ್ಟೆಲ್ಲ ಮಿಲಿಮೀಟರ್. ಕೆಳಗಿನ ಚಾಸಿ ಅಮೆರಿಕದ ಹಳೇ ವಿಲ್ಲಿಸ್ ಜೀಪಿನ ವಂಶ, ಅಲ್ಲಿ ಇಂಚಿನ ಲೆಕ್ಕ. 13ರ ಸ್ಪ್ಯಾನರ್ ಅರ್ಧ ಇಂಚಿನ ನಟ್ಟಿಗೆ ಕೂತ ಹಾಗೇ ಇರುತ್ತದೆ, ಆದರೆ 0.3 ಮಿ.ಮೀ. ಸಡಿಲ. ತುಕ್ಕು ಹಿಡಿದ ನಟ್ಟಿಗೆ ಜೋರಾಗಿ ಎಳೆದರೆ ಮೂಲೆಗಳು ಸವೆದು ಗುಂಡಗಾಗುತ್ತವೆ, ಆಮೇಲೆ ಉಳಿಯೇ ಗತಿ. ಎರಡೂ ಸೆಟ್ ಇಟ್ಟುಕೊಳ್ಳಿ. ಸ್ಪೇರ್ ಪಾರ್ಟ್ಸ್‌ಗೆ ಬೆಂಗಳೂರಿನ ಜೆಸಿ ರಸ್ತೆಗೆ ಹೋಗುವಾಗ ಹಳೇ ಪಾರ್ಟನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಬಾಯಲ್ಲಿ ವಿವರಿಸಿ ತಂದದ್ದು ಒಂದೂ ಕೂರಲ್ಲ.

ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಎಂಜಿನ್ ಒಳಗನ್ನು ಮೊದಲೇ ಬಿಸಿ ಮಾಡುವ ಹೀಟರ್ ಪ್ಲಗ್ ನೋಡಿ, ನಾಲ್ಕಿವೆ. ಜೋಡಿಸಿರುವ ಪಟ್ಟಿ ಬಿಚ್ಚಿ, ಬ್ಯಾಟರಿ ಪ್ಲಸ್‌ನಿಂದ ಒಂದು ಟೆಸ್ಟ್ ಬಲ್ಬ್ ಮೂಲಕ ಒಂದೊಂದಕ್ಕೂ ಮುಟ್ಟಿಸಿ. ಬಲ್ಬ್ ಹತ್ತದಿದ್ದರೆ ಆ ಪ್ಲಗ್ ಸುಟ್ಟಿದೆ. ಲೈಟು ಮಂಕಾಗಿದ್ದರೆ ಅರ್ತ್ ವೈರ್ ಬುಡ ಉಜ್ಜಿ, ಬಹಳ ಸಲ ಅಷ್ಟೇ ಇರುತ್ತದೆ.

ಒಂದು ವಾರಕ್ಕೆ ಒಂದೇ ಕೆಲಸ ಇಟ್ಟುಕೊಳ್ಳಿ. ಭಾನುವಾರ ಸಂಜೆ ನಾಲ್ಕಕ್ಕೆ ಗಾಡಿ ತನ್ನ ಚಕ್ರದ ಮೇಲೆ ನಿಂತಿರಬೇಕು. ನಾನು ಒಮ್ಮೆ ಎಲ್ಲಾ ಒಟ್ಟಿಗೆ ಬಿಚ್ಚಿ ಹರಡಿಕೊಂಡೆ, ಜೀಪು ಎರಡು ತಿಂಗಳು ಕೋಳಿ ಗೂಡಾಗಿತ್ತು. ಉತ್ಪ್ರೇಕ್ಷೆ ಅಲ್ಲ, ಡ್ರೈವರ್ ಸೀಟಲ್ಲಿ ಮೊಟ್ಟೆ ಸಿಕ್ಕಿತು.

ಈಗ ನಿಮ್ಮ ಟಯರು. ಇದಕ್ಕೆ ಬಂದಿದ್ದು 6.00-16 ಸಣ್ಣ ಟಯರು. 31 ಇಂಚಿನದು ಹಾಕಿದರೆ ಪವರ್ ಸ್ಟೇರಿಂಗ್ ಇಲ್ಲದ ಗಾಡಿ ತಿರುಗಿಸಲು ರಟ್ಟೆ ಬೇಕು, ಸವೆದ ಕಿಂಗ್ ಪಿನ್ ಮೇಲೆ ಇನ್ನಷ್ಟು ಭಾರ, ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕಬ್ಬಿಣದ ಬಂಪರು, ಬುಲ್ ಬಾರ್ ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಎಂಜಿನ್, ಬಾಡಿ ಬದಲಾಯಿಸುವ ಆಸೆ ಇದ್ದರೆ ಗಾಡಿಯ ಮಾರ್ಪಾಡಿನ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. ಹದಿನೈದು ವರ್ಷ ದಾಟಿದ ಗಾಡಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಣಕ್ಕೆ ಹೋಗಲೇಬೇಕಲ್ವಾ, ಆಗ ಆರ್‌ಸಿಯಲ್ಲಿ ಇರುವುದಕ್ಕೂ ಎದುರಿಗೆ ನಿಂತಿರುವುದಕ್ಕೂ ಹೊಂದಬೇಕು.

ವಿಂಚು ನಾನು ಇನ್ನೂ ಹಾಕಿಸಿಲ್ಲ. ಹೋದ ಮಳೆಗಾಲ ಕೆರೆ ಅಂಗಳದ ಜೇಡಿಯಲ್ಲಿ ಹೂತುಕೊಂಡಾಗ ಪಕ್ಕದ ಟೊಮೆಟೊ ತೋಟದವರು ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದರು. ದುಡ್ಡು ಕೊಡಲು ಹೋದರೆ ಬೇಡ ಎಂದು, ಒಂದು ಬಾಕ್ಸ್ ಟೊಮೆಟೊ ಜೀಪಿನ ಹಿಂದೆ ಇಟ್ಟು ಕಳಿಸಿದರು.