ಬೀದರಿನಾಗ ಬಾಯಿ ಅಂದ್ರ ಯಾವ ಬಾಯಿ?

ನೀವು ಕೇಳಿದ್ರಲ್ಲ, ಬೀದರ್ ಮಂದಿ ಕನ್ನಡ, ಮರಾಠಿ, ತೆಲುಗು, ಉರ್ದು ಎಲ್ಲಾ ಕಲಸಿ ಮಾತಾಡ್ತೀರಿ, ನಿಮಗ ನಿಮಗೇ ಗೊಂದಲ ಆಗಂಗಿಲ್ಲೇನು ಅಂತ. ಆಗ್ತದ್ರಿ, ಯಾಕ ಆಗಂಗಿಲ್ಲ. ಒಂದೇ ಶಬ್ದ ಹಿಡ್ಕೊಂಡು ಹೇಳ್ತೀನಿ, ಬಾಯಿ.

ಹಿಂದಕ್ಕ ಒಮ್ಮೆ ಬೆಂಗಳೂರಿನ ದೋಸ್ತ ಒಬ್ಬ ನಮ್ಮ ಮನಿಗೆ ಬಂದಿದ್ದ. ಜಹೀರಾಬಾದ್ ಕಡೆ ಇರೋ ಮಾಮಾಗ ಫೋನ್ ಹಚ್ಚಿದ್ರ ಅತ್ತಿ ಎತ್ತಿ "ಮಾಮ ಬಾಯಿಕಾಡ ಉನ್ನಡು" ಅಂದ್ರು, ಸ್ಪೀಕರ್ ಆನ್ ಇತ್ತು, ಇವ ಗಾಬರಿ ಆಗಿ ಮಾಮಾ ಕಾಡಿನಾಗ ಯಾಕ ಹೋದ್ರು, ಬಾಯಿಗೆ ಏನಾಯ್ತು ಅಂತ ಕೇಳ್ದ. ತೆಲಂಗಾಣದ ತೆಲುಗಿನಾಗ ಬಾಯಿ ಅಂದ್ರ ಬಾವಿ, ಕಾಡ ಅಂದ್ರ ಹತ್ರ. ಬಾವಿ ಹತ್ರ ಅದಾರ ಅಂದ್ರ ಹೊಲದಾಗ ಅದಾರ ಅಂತ ತಿಳ್ಕೋಬೇಕು, ಬಾವಿ ಇರೋದು ಹೊಲದಾಗೇ ಅಲ್ರೀ. ಮಾಮಾನ ಬಾವಿ ಬತ್ತಿ ಬೋರ್ ಹಾಕ್ಸಿ ಎಷ್ಟೋ ವರ್ಷ ಆಯ್ತು, ಆದ್ರೂ ಅವರು ಬಾಯಿಕಾಡೇ ಇರ್ತಾರ. ಆ ಕಡೆ ಕಲ್ಲಿದ್ದಲ ಗಣಿಗೂ ಬೊಗ್ಗುಬಾಯಿ ಅಂತಾರ. ದುಡಿಲಿಕ್ಕ ಊರು ಬಿಟ್ಟು ಹೋಗೋರಿಗೆ ಮೂರೇ ದಾರಿ, "ಬೊಗ್ಗುಬಾಯಿ, ಬೊಂಬಾಯಿ, ದುಬಾಯಿ" ಅನ್ನೋ ಮಾತು ತೆಲಂಗಾಣ ಹೋರಾಟದ ಟೈಮಿನಾಗ ಭಾಳ ಓಡಿತ್ತು.

ಈ ನೀರಿನ ಬಾಯಿ ಸಂಸ್ಕೃತದ ವಾಪಿಯಿಂದ ಬಂದದ್ದು. ಗುಜರಾತಿನಾಗ ಅದೇ ವಾವ್ ಆತು, ಹಿಂದಿಯೊಳಗ ಬಾವಡಿ, ವಿಜಯಪುರದ ತಾಜ್ ಬಾವಡಿ ನೋಡಿರ್ತೀರಿ. ನಮ್ಮ ಬೀದರಿನಾಗ ಬಹಮನಿ ಕಾಲದ ಕರೇಜ್ ಅದ, ನೆಲದೊಳಗ ಸುರಂಗ ಕೊರದು ನೀರು ಹರಿಸಿದ್ದು, ಹೆಸರು ಪಾರಸಿ, ಆದ್ರ ಊರ ಮಂದಿ ಕರೆಯೋದು ಸುರಂಗ ಬಾವಿ.

ತಿನ್ನೋ ಬಾಯಿ ಬ್ಯಾರೆ. ಅದು ದ್ರಾವಿಡ, ತಮಿಳಿನಾಗ ವಾಯ್. ತಮಿಳಿನ ವಕಾರ ಇದ್ದ ಕಡೆ ಕನ್ನಡದಾಗ ಬಕಾರ ಬರ್ತದ, ವಿಲ್ ಇದ್ದದ್ದು ಬಿಲ್ಲು, ವೇರ್ ಇದ್ದದ್ದು ಬೇರು, ಹಂಗೇ ಇದು. ಅಂದ್ರ ವಾಪಿಗೂ ವಾಯ್‌ಗೂ ಏನೂ ಸಂಬಂಧ ಇಲ್ಲ, ಎರಡೂ ಬ್ಯಾರೆ ಬ್ಯಾರೆ ಮನಿಯಿಂದ ಹೊಂಟು ಒಂದೇ ಉಚ್ಚಾರಕ್ಕ ಬಂದು ಕುಂತಾವ. ನಮ್ಮ ಹಳ್ಳ್ಯಾಗ ಬಾವಿ ಅನ್ನೋದನ್ನೂ ಬಾಯಿ ಅಂದುಬಿಡ್ತಾರ, ಅದಕ್ಕ "ಬಾಯಾಗ ಬಿದ್ದಾನ" ಅಂತ ಯಾರರ ಓಡಿ ಬಂದು ಹೇಳಿದ್ರ ನೀರಾಗ ಬಿದ್ನೋ ಮಂದಿ ಬಾಯಾಗ ಬಿದ್ನೋ ಕೇಳ್ಕೊಂಡೇ ಹಗ್ಗ ತರಬೇಕು.

ಔರಾದ, ಭಾಲ್ಕಿ ಕಡೆ ಹೋದ್ರ ಮರಾಠಿ ಬಾಯಿ ಸಿಗ್ತಾರ. ಜೀಜಾಬಾಯಿ, ಅಹಿಲ್ಯಾಬಾಯಿ ಅನ್ನೋವಾಗ ಮರ್ಯಾದಿ ಶಬ್ದ, ಮರಾಠಿ ಸಾಲ್ಯಾಗ ಟೀಚರಿಗೂ ಬಾಯಿ ಅಂತಾರ, ಅದೇ ಪುಣೆ ಮುಂಬೈ ಫ್ಲ್ಯಾಟಿನಾಗ ಬಾಯಿ ಇವತ್ತು ಬರ್ಲಿಲ್ಲ ಅಂದ್ರ ಭಾಂಡೆ ತೊಳಿಯೋ ಹೆಣ್ಮಗಳು. ಅದೇ ಶಬ್ದ, ಊರು ದೊಡ್ಡದಾದಂಗ ಮರ್ಯಾದಿ ಇಳೀತು, ನನಗಂತೂ ಇದು ಸರಿ ಅನ್ಸಂಗಿಲ್ಲ. ಇನ್ನ ಉರ್ದುವಿನ ಭಾಯಿ. ಅದು ಸಂಸ್ಕೃತದ ಭ್ರಾತೃ, ಇಂಗ್ಲಿಷಿನ ಬ್ರದರ್, ಪಾರಸಿಯ ಬಿರಾದರ್ ಎಲ್ಲಾ ಒಂದೇ ಖಾಂದಾನು. ಆದ್ರ ನಾವು ಮಹಾಪ್ರಾಣ ಗಟ್ಟಿಯಾಗಿ ಅನ್ನೋರಲ್ಲ, ಹಿಂಗಾಗಿ ಬಸ್‌ಸ್ಟ್ಯಾಂಡಿನಾಗ "ಏ ಬಾಯಿ" ಅಂದ್ರ ಗಂಡಸೂ ತಿರುಗ್ತಾನ, ಹೆಂಗಸೂ ತಿರುಗ್ತಾಳ.

ಇಷ್ಟು ಭಾಷೆ ಒಂದೇ ಅಂಗಳಕ್ಕ ಯಾಕ ಬಂದವು ಅಂದ್ರ, 1948ರ ತನಕ ನಾವು ನಿಜಾಮನ ಹೈದರಾಬಾದ್ ಸಂಸ್ಥಾನದಾಗಿದ್ವಿ, ಕಚೇರಿ ಕಾಗದ ಎಲ್ಲಾ ಉರ್ದು. 1956ರ ನವೆಂಬರ್ 1ಕ್ಕ ಹಳೆ ಬೀದರ್ ಜಿಲ್ಲಾ ಹರಿದು ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕ ಕೊಟ್ರು, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕ ಹೋದವು, ಉಳಿದ ನಾವು ಮೈಸೂರಿಗೆ. ಗೆರಿ ಎಳದ್ರು ಖರೆ, ಬೀಗತನ ಯಾರು ಕಡೀತಾರ, ಹೆಣ್ಣು ಕೊಡೋದು ತರೋದು ಈಗೂ ಮೂರೂ ಕಡೆ ನಡದದ.

ನಾವು ಗುರ್ತು ಹಿಡಿಯೋದು ಶಬ್ದದಿಂದಲ್ರೀ, ಮಾತಾಡೋರ ಮಾರಿ ನೋಡಿ. ಅತ್ತಿ "ಬಾಯಿ" ಅಂದ್ರ ಬಾವಿ, ಉದಗೀರದ ಕಾಕು ಅಂದ್ರ ಹೆಂಗಸು, ಚಹಾದಂಗಡಿ ಚಾಚಾ ಅಂದ್ರ ತಮ್ಮ, ನಮ್ಮವ್ವ "ಬಾಯಿ ಮುಚ್ಚು" ಅಂದ್ರ ಅನುಮಾನನೇ ಬ್ಯಾಡ.

ಹೊರಗ ಹೋದ್ರ ಇನ್ನಾ ಅದಾವ. ಗುಡ್‌ಬೈ ಒಳಗಿನ ಬೈ "ದೇವರು ನಿನ್ನ ಜೋಡಿ ಇರಲಿ" ಅನ್ನೋ ಹಳೇ ಇಂಗ್ಲಿಷ್ ಮಾತು ಸವದು ಸವದು ಉಳಿದ ತುಂಡು. ಚೀನಿ ಭಾಷೆಯೊಳಗ ಬಾಯ್ ಅನ್ನೋದನ್ನ ಒಂದು ರಾಗದಾಗ ಅಂದ್ರ ಬಿಳಿ, ಇನ್ನೊಂದು ರಾಗದಾಗ ಅಂದ್ರ ನೂರು. ಕಝಾಕ್ ಮಂದಿಗೆ ಬಾಯ್ ಅಂದ್ರ ಸಾಹುಕಾರ. ತುರ್ಕಿಯೊಳಗ 1934ರಾಗ ಬೇ, ಪಾಶಾ, ಎಫೆಂದಿ ಅನ್ನೋ ಹಳೇ ಬಿರುದೆಲ್ಲಾ ಕಾನೂನು ಮಾಡಿ ತೆಗದ್ರು, ಅದರ ಬದಲಿ ಗಂಡಸರ ಹೆಸರಿನ ಮುಂದ ಬಾಯ್ ಅಂತ ಹಚ್ಚಿದ್ರು, ನಮ್ಮ ಶ್ರೀಯುತ ಇದ್ದಂಗ. ನಮ್ಮ ಔರಾದಿನ ಬಾಯಿಯೋರು ಯಾರರ ಇಸ್ತಾಂಬುಲ್‌ಗೆ ಹೋಗಿ, ಬಾಗಲ ಮ್ಯಾಲ ಬಾಯ್ ಅಂತ ಬರದದ್ದು ಓದಿ, ನಮ್ಮದೇ ಅಂತ ಒಳಗ ಹೋದ್ರ ಅದು ಗಂಡಸರ ಸಂಡಾಸು. ಹೆಂಗಸರದು ಬಾಜೂ ಬಾಗಲ, ಅದರ ಮ್ಯಾಲ ಬಾಯಾನ್ ಅಂತ ಇರ್ತದ.