ದಿನಕ್ಕೊಂದು ಬರೆದದ್ದು ಸಾಕು, ದಿನಕ್ಕೊಂದು ಓದಿ

ಮಾನ್ಯರೇ,

ನೀವು ಕಳಿಸಿದ ಹನ್ನೆರಡು ಕವಿತೆಗಳೂ ಜೊತೆಗಿದ್ದ ಪತ್ರವೂ ತಲುಪಿವೆ. ಎಲ್ಲವನ್ನೂ ಎರಡೆರಡು ಸಲ ಓದಿದ್ದೇವೆ. ಈಗಿರುವ ರೂಪದಲ್ಲಿ ಯಾವುದನ್ನೂ ಪ್ರಕಟಿಸಲು ಆಗುವುದಿಲ್ಲ. ಆದರೆ ಎರಡು ಕವಿತೆಗಳಲ್ಲಿ ಜೀವ ಇದೆ, ತಿದ್ದಿದರೆ ಏಳುತ್ತವೆ. ಅದಕ್ಕೇ ‘ವಿಷಾದಗಳೊಂದಿಗೆ’ ಎಂಬ ಒಂದು ಸಾಲಿನ ಬದಲು ಈ ಉದ್ದನೆಯ ಉತ್ತರ.

ಒಂದು ವರ್ಷದಿಂದ ತಪ್ಪದೆ ದಿನಕ್ಕೊಂದು ಕವಿತೆ ಬರೆಯುತ್ತಿದ್ದೇನೆ ಎಂದಿದ್ದೀರಿ. ಕೆಲಸದ ನಡುವೆ ಓದಲು ಪುರುಸೊತ್ತಿಲ್ಲ, ಇದ್ದರೂ ಬೇರೆಯವರದನ್ನು ಓದಿದರೆ ಸ್ವಂತ ಶೈಲಿ ಕೆಟ್ಟೀತೆಂಬ ಅಳುಕು ಎಂದೂ ಬರೆದಿದ್ದೀರಿ. ಕವಿತೆಗಳಲ್ಲಿ ನಮಗೆ ಕಂಡ ದೋಷಗಳ ಬೇರು ಇಲ್ಲೇ ಇದೆ. ಹನ್ನೆರಡು ಕವಿತೆಗಳಲ್ಲಿ ‘ನೆನಪು’ 21 ಸಲ ಬಂದಿದೆ, ‘ಮೌನ’ 17 ಸಲ. ಕಡಲು ಬಂದಲ್ಲೆಲ್ಲ ಅದು ಮೌನದ ಕಡಲು, ಮಳೆ ಬಂದಲ್ಲೆಲ್ಲ ನೆನಪಿನ ಮಳೆ. ಇದು ನಿಮ್ಮ ಶೈಲಿಯಲ್ಲ. ಹಾಡುಗಳಿಂದ, ಶುಭಾಶಯದ ಕಾರ್ಡುಗಳಿಂದ, ಮೊಬೈಲಿನ ಸ್ಟೇಟಸ್‌ಗಳಿಂದ ಕಿವಿಗೆ ಬಿದ್ದು ಬಿದ್ದು ಅಲ್ಲೇ ಠಿಕಾಣಿ ಹೂಡಿದ ಮಾತುಗಳು. ಓದದವರ ಮೇಲೂ ಪ್ರಭಾವ ಆಗಿಯೇ ಆಗುತ್ತದೆ, ಅದು ಯಾರದ್ದೆಂದು ಅವರಿಗೆ ತಿಳಿಯುವುದಿಲ್ಲ ಅಷ್ಟೇ.

ಈಗ ‘ಬೀಗದ ಕೈ’ ಕವಿತೆಗೆ ಬರೋಣ. ಶುರುವಾಗುವುದು ಹೀಗೆ:

ನೆನಪುಗಳ ಮಳೆಯಲ್ಲಿ ನೆನೆದ ಈ ಹೃದಯ
ಮೌನದ ಕಡಲಲ್ಲಿ ಮುಳುಗಿದೆ ಗೆಳೆಯ
ಕೈಯಲ್ಲಿ ಉಳಿದದ್ದು ಬೀಗದ ಕೈ ಮಾತ್ರ
ಬಾಗಿಲೇ ಇಲ್ಲದ ಮನೆಯದು

ಮೂರು ಮತ್ತು ನಾಲ್ಕನೆಯ ಸಾಲು ಒಳ್ಳೆಯವು. ಕವಿತೆ ಶುರುವಾಗುವುದೇ ಅಲ್ಲಿ. ಮೊದಲೆರಡು ಸಾಲು ನೀವು ಬರೆಯಲು ಕೂತು ಗಂಟಲು ಸರಿಮಾಡಿಕೊಂಡದ್ದು; ಅದು ಓದುಗರಿಗೆ ಕೇಳಿಸಬೇಕಿಲ್ಲ. ಎರಡನೆಯ ಸಾಲಿನ ‘ಗೆಳೆಯ’ ಯಾರು? ಕವಿತೆಯ ಉಳಿದ ಇಪ್ಪತ್ತು ಸಾಲಿನಲ್ಲಿ ಆತ ಮತ್ತೆ ಕಾಣಿಸುವುದಿಲ್ಲ. ‘ಹೃದಯ’ಕ್ಕೆ ಪ್ರಾಸ ಬೇಕಿತ್ತು, ಬಂದ. ಅಂತ್ಯಪ್ರಾಸದ ತೊಂದರೆಯೇ ಇದು: ಸಾಲು ಎಲ್ಲಿಗೆ ಹೋಗಬೇಕೆಂದು ಅರ್ಥ ನಿರ್ಧರಿಸುವ ಮೊದಲೇ ಕೊನೆಯ ಅಕ್ಷರ ನಿರ್ಧರಿಸಿಬಿಡುತ್ತದೆ. ಹಳಗನ್ನಡದ ಕವಿಗಳಿಗೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಕಡ್ಡಾಯವಾಗಿತ್ತು. ಕಳೆದ ಶತಮಾನದ ಆರಂಭದಲ್ಲಿ ಗೋವಿಂದ ಪೈ ಅಂಥವರು ಅದನ್ನು ಬಿಟ್ಟು ಬರೆದು ತೋರಿಸಿದರು. ಬಿಡಿಸಿಕೊಂಡ ಸಂಕೋಲೆಯನ್ನು ಈಗ ಸಾಲಿನ ತಲೆಯಿಂದ ತೆಗೆದು ಬಾಲಕ್ಕೆ ಕಟ್ಟಿಕೊಳ್ಳುವುದೇಕೆ?

ಅದೇ ಕವಿತೆಯ ಕೊನೆ: ‘ಕಾಲವೇ ಎಲ್ಲಕ್ಕೂ ಉತ್ತರ, ಬದುಕೆಂದರೆ ಇಷ್ಟೇ ಅಲ್ಲವೇ......’ ಇದನ್ನು ಪೂರ್ತಿ ಹೊಡೆದುಹಾಕಿ, ಆರು ಚುಕ್ಕಿಗಳ ಸಮೇತ. ಚುಕ್ಕಿ ಇಟ್ಟರೆ ಭಾವ ಉಕ್ಕುವುದಿಲ್ಲ. ಆ ಜಾಗದಲ್ಲಿ ನಮಗೆ ಬೇಕಾಗಿರುವುದು ಬೀಗದ ಕೈಗಳ ಸುದ್ದಿ. ಗೊಂಚಲಿನಲ್ಲಿ ಎಷ್ಟಿವೆ? ಯಾವುದರ ಹಲ್ಲು ಸವೆದಿದೆ? ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಒಂದಾದರೂ ಇರಬೇಕಲ್ಲ? ಮನೆ ಹೋದಮೇಲೂ ಅದನ್ನು ಏಕೆ ಎಸೆದಿಲ್ಲ ಎಂಬುದನ್ನು ನೀವು ಹೇಳಬೇಡಿ, ಅದು ಎಲ್ಲಿ ತೂಗುತ್ತಿದೆ ಎಂದು ತೋರಿಸಿದರೆ ಸಾಕು.

ಎರಡನೆಯ ಕವಿತೆ ‘ಪತ್ರ’. ಇದನ್ನು ಲಯಕ್ಕೆ ಕೂರಿಸಲು ಹೊರಟಿದ್ದೀರಿ, ಒಳ್ಳೆಯದು. ಆದರೆ ಕಿವಿಯ ಅಂದಾಜಿನ ಮೇಲೆ ಬರೆದಿದ್ದೀರಿ, ಎಣಿಸಿಲ್ಲ. ಮಾತ್ರೆ ಎಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ. ಎಣಿಕೆ ಸುಲಭ: ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರ, ಅನುಸ್ವಾರ ಅಥವಾ ವಿಸರ್ಗ ಇರುವ ಅಕ್ಷರ ಹ್ರಸ್ವವಾದರೂ ಎರಡು. ನಿಮ್ಮ ಮೊದಲ ಸಾಲು:

ಹಳೆಯ ಪೆ | ಟ್ಟಿಗೆಯೊಳಗೆ | ಅಡಗಿರುವ | ಪತ್ರ

ಐದು, ಐದು, ಐದು, ಮೂರು. ಸರಾಗ. ಎರಡನೆಯದು:

ಮಡಿಕೆ ಬಿ | ಚ್ಚಿದರೆ ಸಾ | ಕು ಹಳದಿಯಾ | ದ ವಾಸನೆ

ಐದು, ಐದು, ಆರು, ಐದು. ಗಟ್ಟಿಯಾಗಿ ಓದಿ ನೋಡಿ, ‘ಹಳದಿಯಾದ’ ಎನ್ನುವಲ್ಲಿ ನಾಲಗೆ ಎಡವುತ್ತದೆ. ಹೀಗೆ ಎಡವಿದಾಗ ಹೆಚ್ಚಿನವರು ಅಲ್ಲಿಗೆ ಇನ್ನೊಂದು ಪದ ತುರುಕಿ ತೇಪೆ ಹಾಕುತ್ತಾರೆ. ಬದಲು ಯಾವ ಪದ ಹೆಚ್ಚಾಗಿದೆ ಎಂದು ಹುಡುಕಿ. ಇಲ್ಲಿ ‘ಸಾಕು’ ಹೆಚ್ಚು, ‘ಆದ’ ಹೆಚ್ಚು. ಎರಡನ್ನೂ ತೆಗೆದು, ಒಂದು ಪುಟ್ಟ ‘ಒಂದು’ ಮಾತ್ರ ಸೇರಿಸಿದರೆ:

ಮಡಿಕೆ ಬಿ | ಚ್ಚಿದರೊಂದು | ಹಳದಿ ವಾ | ಸನೆ

ಕೊನೆಯಲ್ಲಿ ಎರಡೇ ಮಾತ್ರೆ ಇದ್ದಂತೆ ಕಾಣುತ್ತದೆ. ಆದರೆ ಸಾಲಿನ ಕೊನೆಯ ಲಘುವನ್ನು (ಒಂದು ಮಾತ್ರೆಯ ಅಕ್ಷರ) ಎಳೆದು ಗುರುವಾಗಿ (ಎರಡು ಮಾತ್ರೆಯದಾಗಿ) ಎಣಿಸಲು ಛಂದಸ್ಸಿನಲ್ಲಿ ಅವಕಾಶವಿದೆ, ಹಾಗಾಗಿ ಮೂರು. ಲಯ ಸರಿಹೋಯಿತು. ಅದಕ್ಕಿಂತ ಮುಖ್ಯವಾಗಿ, ‘ಹಳದಿ ವಾಸನೆ’ ಈಗ ಎದ್ದು ಕಾಣುತ್ತದೆ. ಬಣ್ಣಕ್ಕೆ ವಾಸನೆ ಕೊಟ್ಟ ಈ ಎರಡು ಪದ ನಿಮ್ಮದೇ, ಯಾವ ಹಾಡಿನಿಂದಲೂ ಬಂದದ್ದಲ್ಲ. ಇಡೀ ಕಟ್ಟಿನಲ್ಲಿ ನಾವು ಪೆನ್ಸಿಲಿನಲ್ಲಿ ಗೆರೆ ಎಳೆದದ್ದು ಇದೊಂದಕ್ಕೇ. ಇನ್ನು ಮೊದಲ ಸಾಲಿಗೆ ಹಿಂತಿರುಗಿ: ಪೆಟ್ಟಿಗೆಯ ‘ಒಳಗೆ’ ಎಂದಮೇಲೆ ‘ಅಡಗಿರುವ’ ಏನು ಕೆಲಸ ಮಾಡುತ್ತಿದೆ? ಆ ಐದು ಮಾತ್ರೆಗೆ ಬೇರೆ ಏನು ತರಬಹುದೆಂದು ನೀವೇ ನೋಡಿ.

ಈ ಕಿವಿ ಬರುವುದು ಓದಿನಿಂದ, ಅದೂ ಗಟ್ಟಿಯಾಗಿ ಓದುವುದರಿಂದ. ಪುರುಸೊತ್ತಿಲ್ಲ ಎಂದಿರಿ. ದಿನಕ್ಕೊಂದು ಕವಿತೆ ಬರೆಯಲು ಅರ್ಧ ಗಂಟೆ ಸಿಗುತ್ತಿದೆಯಲ್ಲ, ಮೂರು ತಿಂಗಳ ಮಟ್ಟಿಗೆ ಅದನ್ನೇ ಓದಿಗೆ ತಿರುಗಿಸಿ. ಹತ್ತು ನಿಮಿಷ ಒಂದು ಕವಿತೆಗೆ ಸಾಕು. ಮೊದಲ ಸಲ ಎಲ್ಲೂ ನಿಲ್ಲದೆ ದನಿ ಎತ್ತಿ ಓದಿ. ಅರ್ಥವಾಗದಿದ್ದರೂ ಮುಂದೆ ಹೋಗಿ. ಎರಡನೆಯ ಸಲ ಪೆನ್ಸಿಲು ಹಿಡಿದು, ತಿಳಿಯದ ಪದಕ್ಕೆ ಗೆರೆ ಎಳೆದು ನಿಘಂಟು ನೋಡಿ. ಮೂರನೆಯ ಓದು ಮರುದಿನ, ಹೊಸ ಕವಿತೆಗೆ ಕೈಹಾಕುವ ಮೊದಲು. ಈ ಮೂರನೆಯದನ್ನೇ ಎಲ್ಲರೂ ಬಿಡುವುದು, ಕವಿತೆ ಬಿಚ್ಚಿಕೊಳ್ಳುವುದೂ ಹೆಚ್ಚಾಗಿ ಅಲ್ಲಿಯೇ. ಇಷ್ಟವಾದ ನಾಲ್ಕು ಸಾಲನ್ನು ಕೈಯಾರೆ ನಕಲು ಮಾಡಿ. ಟೈಪ್ ಮಾಡಿದರೆ ಬೆರಳು ಓಡಿಬಿಡುತ್ತದೆ, ಕೈಬರಹದಲ್ಲಿ ಕವಿ ಸಾಲು ಮುರಿದ ಜಾಗದಲ್ಲಿ ನೀವೂ ನಿಲ್ಲಲೇಬೇಕಾಗುತ್ತದೆ. ನಲವತ್ತು ಕವಿತೆಗಳ ಸಂಕಲನವನ್ನು ಕಾದಂಬರಿಯ ಹಾಗೆ ಒಂದೇ ರಾತ್ರಿ ಮುಗಿಸಲು ಹೋಗಬೇಡಿ. ಹತ್ತು ದಾಟುತ್ತಿದ್ದಂತೆ ಎಲ್ಲವೂ ಒಂದೇ ಥರ ಕೇಳಿಸತೊಡಗುತ್ತವೆ, ತಪ್ಪು ಕವಿಯ ಮೇಲೆ ಬೀಳುತ್ತದೆ.

ಏನು ಓದಬೇಕು? ಲಯಕ್ಕೆ ಕುಮಾರವ್ಯಾಸ, ದಿನಕ್ಕೊಂದೇ ಪದ್ಯ. ಅವನು ಬರೆದದ್ದು ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಪದ್ಯರೂಪದಲ್ಲಿ. ಅದರ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು 3-4-3-4ರ ನಡೆಯಲ್ಲಿ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ನಡೆ ಇನ್ನೊಂದು 3-4 ಮುಂದುವರಿದು ಕೊನೆಗೊಂದು ಗುರು ಸೇರಿ 23. ಮೊದಲ ವಾರ ತಾಳ ತಟ್ಟಿಕೊಂಡು ಓದಿ. ಆಮೇಲೆ ಎಣಿಸುವುದು ತಾನಾಗಿ ತಪ್ಪುತ್ತದೆ. ಲಯ ಬೇಡ, ಮುಕ್ತವಾಗಿ ಬರೆಯುತ್ತೇನೆ ಎನ್ನುವುದಾದರೆ 12ನೆಯ ಶತಮಾನದ ವಚನಗಳನ್ನು ನೋಡಿ. ಅಲ್ಲಿ ಮಾತ್ರೆಯ ಲೆಕ್ಕವಿಲ್ಲ, ಆದರೂ ಬಾಯಲ್ಲಿ ನಿಲ್ಲುತ್ತವೆ. ಎಷ್ಟೋ ವಚನಗಳಲ್ಲಿ ಒಂದೇ ವಾಕ್ಯದ ಅಚ್ಚು ಎರಡು ಮೂರು ಸಲ ಮರಳಿ ಬಂದು, ಕೊನೆಯಲ್ಲಿ ಅಚ್ಚು ಮುರಿಯುತ್ತದೆ. ಪೆಟ್ಟು ಬೀಳುವುದು ಅಲ್ಲಿ. ನಿಮ್ಮ ಗದ್ಯಲಯದ ಕವಿತೆಗಳಲ್ಲಿ ಇಂಥ ಯಾವ ಕಟ್ಟೂ ಇಲ್ಲ, ಗದ್ಯವನ್ನು ಅಡ್ಡಡ್ಡ ಕತ್ತರಿಸಿದ್ದೀರಿ ಅಷ್ಟೇ. ಇವೆರಡರ ಜೊತೆಗೆ ಈಗ ಬರೆಯುತ್ತಿರುವವರ ಒಂದು ಸಂಕಲನವೂ ಕೈಯಲ್ಲಿರಲಿ. ಒಬ್ಬರನ್ನೇ ಓದಿದರೆ ನೀವು ಹೆದರಿದ ಹಾಗೆ ಅವರ ನೆರಳು ಬಿದ್ದೀತು, ಹತ್ತು ಜನರನ್ನು ಓದಿದರೆ ಯಾರೊಬ್ಬರ ನೆರಳೂ ಪೂರ್ತಿ ಬೀಳುವುದಿಲ್ಲ.

ಬರೆಯುವುದನ್ನು ಪೂರಾ ಬಿಡಿ ಎನ್ನುತ್ತಿಲ್ಲ. ಜೇಬಿನಲ್ಲಿ ಹಿಡಿಯುವ ಒಂದು ಪುಸ್ತಕ ಇಟ್ಟುಕೊಂಡು ದಿನಕ್ಕೆ ಐದು ಸಾಲು ಟಿಪ್ಪಣಿ ಬರೆಯಿರಿ. ಷರತ್ತು ಎರಡೇ: ಕಂಡದ್ದು, ಕೇಳಿದ್ದು, ಮುಟ್ಟಿದ್ದು ಮಾತ್ರ, ‘ಅಂತೆ’, ‘ಹಾಗೆ’ ಎಂಬ ಹೋಲಿಕೆ ಕೂಡದು. ‘ಬೇಸರವಾಯಿತು’ ಎಂದು ಬರೆದರೆ ಆರು ತಿಂಗಳ ನಂತರ ಅದರಿಂದ ಏನೂ ಹೊರಡುವುದಿಲ್ಲ. ‘ಲಿಫ್ಟಿನಲ್ಲಿ ಒಬ್ಬಾತ ಬರೀ ಲಕೋಟೆಯನ್ನು ಎರಡು ಸಲ ತೆರೆದು ನೋಡಿದ’ ಎಂದಿದ್ದರೆ ಹೊರಡಬಹುದು. ತಿಂಗಳಿಗೊಮ್ಮೆ ಪುಸ್ತಕ ತಿರುವಿ ಒಂದೇ ಒಂದನ್ನು ಎತ್ತಿಕೊಂಡು ಕವಿತೆಗೆ ಕೂರಿ. ಕರಡು ಆದಮೇಲೆ ಹದಿನೈದು ದಿನ ಮುಟ್ಟಬೇಡಿ. ಬರೆದ ದಿನ ಓದಿದರೆ ತಲೆಯಲ್ಲಿದ್ದದ್ದು ಹಾಳೆಯ ಮೇಲೂ ಇದೆ ಎಂದೇ ಕಾಣುತ್ತದೆ.

ಕಳಿಸುವ ಬಗ್ಗೆ ಚಿಕ್ಕದಾಗಿ. ಒಮ್ಮೆಗೆ ಮೂರು ಅಥವಾ ನಾಲ್ಕು ಕವಿತೆ ಸಾಕು, ಒಂದೊಂದು ಹೊಸ ಪುಟದಲ್ಲಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ನೀವು ಬಳಸಿದ ಹಳೆಯ ಫಾಂಟು ನಮ್ಮ ಕಂಪ್ಯೂಟರಿನಲ್ಲಿ ಇಲ್ಲದೆ ಮೊದಲ ಸಲ ಬರೀ ಕಲಸುಮೇಲೋಗರ ತೆರೆದುಕೊಂಡಿತು. ಹೂಬಳ್ಳಿಯ ಅಂಚು ಬೇಡ. ಜಾಲತಾಣದಲ್ಲಿ ಆಗಲೇ ಹಾಕಿದ್ದರೆ ಅದನ್ನು ಮೊದಲೇ ತಿಳಿಸಿ.

‘ಬೀಗದ ಕೈ’ಯನ್ನು ಮೂರನೆಯ ಸಾಲಿನಿಂದ ಶುರುಮಾಡಿ, ‘ಪತ್ರ’ದ ಪ್ರತಿ ಸಾಲನ್ನೂ ಎಣಿಸಿ, ಮೂರು ತಿಂಗಳು ಬಿಟ್ಟು ಕಳಿಸಿ. ಉಳಿದ ಹತ್ತನ್ನು ತಿದ್ದುವ ಶ್ರಮ ತೆಗೆದುಕೊಳ್ಳಬೇಡಿ.

ಇಂತಿ,
ಸಂಪಾದಕರು