ಕ್ಲಾಸಿಕ್ 350 ಬೈಕನ್ನು ಟಾಟಾ ಏಸ್‌ನಲ್ಲಿ ಸಾಗಿಸಬಹುದಾ? ಹೇಗೆ ಕಟ್ಟಬೇಕು?

ಬೆಂಗಳೂರಿನ ಮನೆ ಖಾಲಿ ಮಾಡಿ ಶಿವಮೊಗ್ಗಕ್ಕೆ ಹೋಗುತ್ತಿದ್ದೀರಿ, ಸಾಮಾನಿನ ಜೊತೆ ಬೈಕೂ ಏಸ್‌ನಲ್ಲೇ ಹೋಗಬೇಕು. ಹಿಡಿಸುತ್ತಾ, ಸ್ಟ್ಯಾಂಡ್ ಹಾಕಿ ಕಟ್ಟಬೇಕಾ, ಪೆಟ್ರೋಲ್ ತೆಗೆಯಬೇಕಾ ಅಂತ ಕೇಳಿದ್ದೀರಿ. ನನಗೆ ಹಳೇ ಬೈಕ್‌ಗಳ ಹುಚ್ಚು. ಓಡದ ಗಾಡಿ ಮನೆಗೆ ತರೋಕೆ ಏಸ್ ಬಿಟ್ಟರೆ ಗತಿಯಿಲ್ಲ, ಹಾಗಾಗಿ ಈ ಕೆಲಸ ಚೆನ್ನಾಗಿ ಗೊತ್ತು.

ಹಿಡಿಸುತ್ತದೆ, ಆದರೆ ಲೆಕ್ಕಕ್ಕೆ ಲೆಕ್ಕ. ಕ್ಲಾಸಿಕ್ ಉದ್ದ 2145 ಮಿ.ಮೀ. ಏಸ್ ಗೋಲ್ಡ್‌ನ ಸಾಮಾನು ತುಂಬುವ ಬಾಡಿಯ ಉದ್ದ ಸುಮಾರು 2200 ಮಿ.ಮೀ. ಏಸ್‌ನಲ್ಲೂ ಬೇರೆ ಬೇರೆ ಮಾಡೆಲ್ ಇವೆ, ಬಾಡಿ ಕಟ್ಟಿಸುವವರು ಒಬ್ಬೊಬ್ಬರೂ ಒಂದೊಂದು ಥರ ಕಟ್ಟಿಸಿರುತ್ತಾರೆ. ಅಡ್ವಾನ್ಸ್ ಕೊಡುವ ಮುಂಚೆ ಟೇಪ್ ಹಿಡಿದು ಒಳಗಿನ ಅಳತೆ ನೋಡಿ. ಹಿಂದಿನ ಡೋರ್ ಮುಚ್ಚಲೇಬೇಕು. ತೆರೆದಿಟ್ಟು ಚಕ್ರ ಆಚೆ ಚಾಚಿಕೊಂಡು ಹೋಗುವವರನ್ನು ನೋಡಿರುತ್ತೀರಿ. ಲೋಡ್ ಮಿತಿ ಮೀರಿ ಆಚೆ ಬಂದರೆ ಮೋಟಾರು ವಾಹನ ಕಾಯ್ದೆಯ 194(1ಎ) ಪ್ರಕಾರ 20,000 ರೂಪಾಯಿ ದಂಡ. ಸಾಮಾನು ಜಾಸ್ತಿ ಇದ್ದರೆ ಸುಮ್ನೆ ಬೊಲೆರೊ ಪಿಕಪ್ ಮಾತಾಡಿ. ಬಾಡಿಗೆ ಜಾಸ್ತಿ, ತಲೆನೋವು ಕಡಿಮೆ.

ಈಗ ಮುಖ್ಯವಾದ ವಿಷಯ. ಡ್ರೈವರ್ ಏನು ಮಾಡುತ್ತಾರೆ ಅಂದರೆ, ಸೈಡ್ ಸ್ಟ್ಯಾಂಡ್ ಹಾಕಿಸಿ, ಸೀಟಿನ ಮೇಲೆ ಒಂದು ನೈಲಾನ್ ಹಗ್ಗ ಎಸೆದು, ಎರಡೂ ಕಡೆ ಎಳೆದು ಬಿಗಿಯುತ್ತಾರೆ. ನೀವು ಏನಾದರೂ ಅಂದರೆ, 'ದಿನಾ ಹಾಕ್ತೀವಿ ಸಾರ್, ಏನೂ ಆಗಲ್ಲ' ಅನ್ನುತ್ತಾರೆ. ಊರೊಳಗೆ ನಾಲ್ಕು ಕಿಲೋಮೀಟರ್ ಆದರೆ ನಿಜವೇ, ಏನೂ ಆಗಲ್ಲ. ನಿಮ್ಮದು 300 ಕಿಲೋಮೀಟರ್. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ ಅಂತ ಊರುಗಳನ್ನು ದಾಟಬೇಕು, ಹಂಪ್‌ಗಳಿಗೆ ಬರವಿಲ್ಲ.

ಹಂಪ್ ಹಾರಿದಾಗ ಏನಾಗುತ್ತದೆ ನೋಡಿ. ಏಸ್‌ನ ಬಾಡಿ ಮೇಲೆದ್ದು ಕೆಳಗೆ ಬೀಳುತ್ತದೆ. ಬೈಕಿನ ಶಾಕ್ಸ್ (ಕುಲುಕು ತಡೆಯುವ ಸ್ಪ್ರಿಂಗ್ ಕೊಳವೆಗಳು) ಕುಸಿಯುತ್ತವೆ. ಬೈಕು ಎರಡು ಇಂಚು ಕೆಳಗಿಳಿದ ಆ ಕ್ಷಣದಲ್ಲಿ ಹಗ್ಗ ಸಡಿಲ. ಕೊಕ್ಕೆ ಹಾಕಿದ್ದರೆ ಅದು ಕಳಚಿಕೊಳ್ಳುವುದು ಆಗಲೇ. ಸೈಡ್ ಸ್ಟ್ಯಾಂಡ್ ಮೇಲೆ ನಿಂತಿದ್ದರೆ ಇನ್ನೂ ಕಷ್ಟ. ಸ್ಟ್ಯಾಂಡಿನ ಕಾಲು ಚಾಸಿಗೆ ಸೇರುವ ಜಾಗ ಇದೆಯಲ್ಲ, ಪ್ರತಿ ಕುಲುಕಿಗೂ ಅದರ ಮೇಲೇ ಏಟು. ಡಬಲ್ ಸ್ಟ್ಯಾಂಡೂ ಬೇಡ, ಜೋರಾಗಿ ಬ್ರೇಕ್ ಹಾಕಿದರೆ ಬೈಕು ಮುಂದಕ್ಕೆ ಜಾರಿ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ.

ಆದ್ದರಿಂದ ಎರಡೂ ಸ್ಟ್ಯಾಂಡ್ ಎತ್ತಿ, ಬೈಕನ್ನು ಎರಡು ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿ. ಮುಂದಿನ ಚಕ್ರ ಕ್ಯಾಬಿನ್ ಕಡೆಯ ತಗಡಿಗೆ ತಾಗಿರಲಿ, ಮಧ್ಯೆ ಮಡಚಿದ ಗೋಣಿಚೀಲ ಇಡಿ. ಮುಂದೆ ಎರಡು ರಾಚೆಟ್ ಬೆಲ್ಟ್, ಅಂದರೆ ಹಿಡಿ ಆಡಿಸಿ ಬಿಗಿಯುವ ಪಟ್ಟಿ, ಬೇಕು. ಇವನ್ನು ಹ್ಯಾಂಡಲ್‌ಗೆ ಕಟ್ಟಬೇಡಿ, ಹ್ಯಾಂಡಲ್ ತಿರುಗುತ್ತದೆ. ಹೆಡ್‌ಲೈಟ್ ಕೆಳಗೆ ಎರಡೂ ಶಾಕ್ಸ್ ಕೊಳವೆಗಳನ್ನು ಹಿಡಿದಿರುವ ದಪ್ಪ ಪ್ಲೇಟ್ ಕಾಣುತ್ತದೆ. ಅದರ ಮೇಲಿಂದ ಬೆಲ್ಟ್ ಸುತ್ತಿ, ಒಂದನ್ನು ಎಡ ಮೂಲೆಗೆ, ಇನ್ನೊಂದನ್ನು ಬಲ ಮೂಲೆಗೆ ಎಳೆಯಿರಿ. ಬ್ರೇಕ್ ಪೈಪು, ವೈರು ಮಧ್ಯೆ ಸಿಕ್ಕಿಕೊಂಡಿಲ್ಲ ಅಂತ ಕೈಯಾಡಿಸಿ ನೋಡಿ. ಆಮೇಲೆ ಒಬ್ಬರು ಸೀಟಿನ ಮೇಲೆ ಕೂತು ಹ್ಯಾಂಡಲನ್ನು ಕೆಳಗೆ ಒತ್ತಲಿ, ನೀವು ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಶಾಕ್ಸ್ ಎರಡು ಇಂಚು ಇಳಿದರೆ ಸಾಕು. ಕ್ಲಾಸಿಕ್‌ನ ಮುಂದಿನ ಶಾಕ್ಸ್ ಒಟ್ಟು ಇಳಿಯುವುದೇ 130 ಮಿ.ಮೀ., ಪೂರ್ತಿ ಒತ್ತಿ ಕಟ್ಟಿದರೆ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್‌ಗೆ ಒಳ್ಳೆಯದಲ್ಲ. ಈಗ ಒಳಗಿನ ಸ್ಪ್ರಿಂಗ್ ಸದಾ ಮೇಲಕ್ಕೆ ಒದೆಯುತ್ತಿರುತ್ತದೆ, ಬೆಲ್ಟ್ ಕೆಳಕ್ಕೆ ಎಳೆಯುತ್ತಿರುತ್ತದೆ. ಹಂಪ್‌ನಲ್ಲಿ ಬೈಕು ಕುಸಿದರೂ ಬೆಲ್ಟ್ ಸಡಿಲವಾಗುವುದಿಲ್ಲ. ನಿಜವಾಗಿ ಗಾಡಿ ಹಿಡಿದು ನಿಲ್ಲಿಸುವುದು ಈ ಎಳೆದಾಟವೇ. ಸೀಟಿನ ಮೇಲೆ ಹತ್ತು ಸುತ್ತು ಹಗ್ಗ ಹಾಕಿದರೂ ಇದು ಬರಲ್ಲ.

ಹಿಂದೆ ಎರಡು ಹಗ್ಗ ಇದ್ದರೆ ಸಾಕು, ಹಿಂಭಾಗ ಆಚೀಚೆ ಸರಿಯದ ಹಾಗೆ. ಸೈಲೆನ್ಸರ್ ತಣ್ಣಗಾದ ಮೇಲೆ ಕಟ್ಟಿ, ಬಿಸಿ ಸೈಲೆನ್ಸರ್‌ಗೆ ನೈಲಾನ್ ತಾಗಿದರೆ ಕರಗಿ ಅಂಟಿಕೊಳ್ಳುತ್ತದೆ. ಗಾಡಿ ಫಸ್ಟ್ ಗೇರ್‌ನಲ್ಲಿರಲಿ. ಸ್ಕೂಟರ್ ಡಿಕ್ಕಿಗೆ ಲಗೇಜ್ ಕಟ್ಟುವ ರಬ್ಬರ್ ಹಗ್ಗ ಮಾತ್ರ ಯಾವುದಕ್ಕೂ ಬಳಸಬೇಡಿ.

ಸಾಮಾನನ್ನು ಬೈಕಿಗೆ ಒರಗಿಸಬೇಡಿ. ಬೈಕು ಒಂದು ಪಕ್ಕ, ಬೀರು ಇನ್ನೊಂದು ಪಕ್ಕ, ಮಧ್ಯೆ ಹಾಸಿಗೆ ನಿಲ್ಲಿಸಿ. ಟ್ಯಾಂಕಿಗೆ ತಾಗುವ ಕಡೆಯೆಲ್ಲ ಹಳೇ ಬೆಡ್‌ಶೀಟ್ ಸುತ್ತಿ. ಧೂಳು ಕೂತ ಹಗ್ಗ ಮುನ್ನೂರು ಕಿಲೋಮೀಟರ್ ಉಜ್ಜಿದರೆ ಪೇಂಟ್ ಕೆಳಗಿನ ತಗಡು ಕಾಣುತ್ತದೆ.

ಪೆಟ್ರೋಲ್ ಪೂರ್ತಿ ತೆಗೆಯಬೇಕಾಗಿಲ್ಲ, ಆ ನಿಯಮ ರೈಲ್ವೆ ಪಾರ್ಸೆಲ್‌ನದ್ದು. ಆದರೂ ಫುಲ್ ಟ್ಯಾಂಕ್ ಬೇಡ, ಒಂದೆರಡು ಲೀಟರ್ ಇರಲಿ. ಕಾರ್ಬುರೇಟರ್ ಇರುವ ಹಳೇ ಕ್ಲಾಸಿಕ್ ಆದರೆ ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ (ನಲ್ಲಿ) ಆಫ್ ಮಾಡಿ.

ಇನ್ಶೂರೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ದೇಶದ ಫುಲ್ ಇನ್ಶೂರೆನ್ಸ್ ಪಾಲಿಸಿಯಲ್ಲಿ, ಗಾಡಿಯನ್ನು ರಸ್ತೆ ಅಥವಾ ರೈಲಿನಲ್ಲಿ ಸಾಗಿಸುವಾಗ ಆಗುವ ಹಾನಿಯೂ ಸೇರಿರುತ್ತದೆ. ಬರೀ ಥರ್ಡ್ ಪಾರ್ಟಿ ಇದ್ದರೆ ಏನೂ ಸಿಗಲ್ಲ. ಹತ್ತಿಸುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ, ಆರ್‌ಸಿ ಕಾಪಿ ಡ್ರೈವರ್ ಕೈಲಿರಲಿ.

ಹತ್ತಿಸುವುದು ಅಂದುಕೊಂಡಷ್ಟು ಕಷ್ಟವಲ್ಲ. ಗಾಡಿ 195 ಕೆ.ಜಿ. ನಿಜ, ಆದರೆ ಎತ್ತುವುದು ಬೇಡ, ತಳ್ಳಿದರಾಯಿತು. ಎಂಟು ಅಡಿ ಹಲಗೆ, ಎರಡೂವರೆ ಅಡಿ ಎತ್ತರ ಅಂದರೆ ಸುಮಾರು 60 ಕೆ.ಜಿ.ಯಷ್ಟು ಬಲ ಸಾಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರು ಇದ್ದರೆ ಏಸ್ ಅನ್ನು ಕೆಳಗೆ ಸಮನಾದ ಜಾಗದಲ್ಲಿ, ಬೆನ್ನು ಇಳಿಜಾರಿನ ಕಡೆ ಮಾಡಿ ನಿಲ್ಲಿಸಿ. ಇಳಿಜಾರಿನ ಮೇಲ್ಭಾಗದಿಂದ ಏಸ್ ಬಾಡಿಯ ಮೇಲಕ್ಕೆ ಹಲಗೆ ಹಾಕಿದರೆ ಹೆಚ್ಚುಕಡಿಮೆ ಮಟ್ಟಸ ಆಗಿಬಿಡುತ್ತದೆ. ಹಲಗೆಯನ್ನು ಏಸ್ ಬಾಡಿಯ ಜೊತೆ ಸೇರಿಸಿ ಕಟ್ಟಿ, ಇಲ್ಲವಾದರೆ ಹಿಂದಿನ ಚಕ್ರ ಹತ್ತುವಾಗ ಒದ್ದುಕೊಂಡು ಹೋಗುತ್ತದೆ. ನಿಮ್ಮ ಕಾಲಿಗೆ ಪಕ್ಕದಲ್ಲಿ ಇನ್ನೊಂದು ಹಲಗೆ ಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ. ಬೈಕು ಅರ್ಧ ಹತ್ತಿದಾಗ ಹ್ಯಾಂಡಲ್ ಹಿಡಿದವರ ಕಾಲಡಿ ಏನೂ ಇರಲ್ಲ! ಓಡಿಸಿಕೊಂಡು ಹತ್ತಿಸುವ ಸಾಹಸ ಬೇಡ, ಮೂರು ಜನ ಇರಲಿ.

ಹೊರಟ ಮೇಲೆ ನೆಲಮಂಗಲ ದಾಟಿ ಒಮ್ಮೆ ನಿಲ್ಲಿಸಿ ಬೆಲ್ಟ್ ಬಿಗಿ ಮಾಡಿ. ಹೊಸ ಬೆಲ್ಟ್ ಮೊದಲಿಗೆ ಸ್ವಲ್ಪ ಹಿಗ್ಗುತ್ತದೆ.

ಬೀಳಿಸುವವರು ಹೆಚ್ಚಾಗಿ ಬೀಳಿಸುವುದು ಇಳಿಸುವಾಗಲೇ. ಹಿಂದುಮುಂದಾಗಿ ಇಳಿಸುವಾಗ ಭಾರವೆಲ್ಲ ಹಿಂದಿನ ಚಕ್ರದ ಮೇಲಿರುತ್ತದೆ, ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಎಂಜಿನ್ ಆಫ್ ಇರಲಿ, ಗೇರ್ ಫಸ್ಟ್‌ನಲ್ಲೇ ಇರಲಿ. ಕ್ಲಚ್ ಹಿಡಿದರೆ ಗಾಡಿ ಇಳಿಯುತ್ತದೆ, ಬಿಟ್ಟರೆ ಹಿಂದಿನ ಚಕ್ರ ನಿಲ್ಲುತ್ತದೆ. ಹಾಗೇ ಒಂದೊಂದು ಅಡಿ ಬಿಡುತ್ತಾ ಬನ್ನಿ. ಸಹಾಯಕ್ಕೆ ಬಂದವರು ಪಕ್ಕದಲ್ಲಿ ನಿಂತು ಹಿಡಿಯಲಿ, ಬೈಕಿನ ನೇರ ಹಿಂದೆ ಯಾರೂ ನಿಲ್ಲಬಾರದು.